ಮಾಯವಾದವಳು ದೈವವಾದಳು: ಹೆಂಗಸರ ಪಾಡ್ದನಗಳಲ್ಲಿ ಗೋಥಿಕ್ ಅಂಶ

ಪಾಳು ಅರಮನೆ, ಶಾಪ, ದುರ್ಮರಣ, ಸತ್ತ ಮೇಲೂ ನ್ಯಾಯ ಕೇಳಿಕೊಂಡು ಬರುವ ಜೀವ. ಗೋಥಿಕ್ ಸಾಹಿತ್ಯದ ಮುಖ್ಯ ಲಕ್ಷಣಗಳಿವು. 1764ರಲ್ಲಿ ಪ್ರಕಟವಾದ ಹೊರೇಸ್ ವಾಲ್‌ಪೋಲ್‌ನ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಕಾದಂಬರಿಯನ್ನು ಈ ಪ್ರಕಾರದ ಆರಂಭವೆಂದು ಗುರುತಿಸಲಾಗುತ್ತದೆ. ಮಹಿಳೆಯರು ಬರೆದ ಇಂತಹ ಕೃತಿಗಳನ್ನು ‘ಸ್ತ್ರೀ ಗೋಥಿಕ್’ ಎಂದು ಮೊದಲು ಕರೆದವರು ಅಮೆರಿಕದ ವಿಮರ್ಶಕಿ ಎಲೆನ್ ಮೋಯರ್ಸ್, 1976ರಲ್ಲಿ. ಹೆರಿಗೆಯಂತಹ ಹೆಣ್ಣಿನ ಅನುಭವಗಳ ಭಯ ಈ ಕೃತಿಗಳಲ್ಲಿ ವೇಷ ಮರೆಸಿಕೊಂಡು ಬರುತ್ತದೆ ಎಂಬುದು ಅವರ ವಾದ.

ಕನ್ನಡದಲ್ಲಿ ಈ ಹೆಸರಿನ ಕಾವ್ಯಪಂಥ ಬೆಳೆದಿಲ್ಲ. ಆದರೆ ಉಡುಪಿ ಜಿಲ್ಲೆಯ ಗದ್ದೆಗಳಲ್ಲಿ ಹೆಂಗಸರು ತಲೆಮಾರುಗಳಿಂದ ಹಾಡಿಕೊಂಡು ಬಂದ ತುಳು ಪಾಡ್ದನಗಳಲ್ಲಿ ಈ ಲಕ್ಷಣಗಳೆಲ್ಲವೂ ಕಾಣಸಿಗುತ್ತವೆ. ವ್ಯತ್ಯಾಸವಿರುವುದು ಕಥೆಯ ಕೊನೆಯಲ್ಲಿ.

ಗದ್ದೆಯ ಕಾವ್ಯ

ದೈವಗಳ ಹಾಗೂ ವೀರರ ಹುಟ್ಟು, ಬಾಳು, ಮರಣಗಳನ್ನು ಹೇಳುವ ಕಥನಗೀತೆಯೇ ಪಾಡ್ದನ. ‘ಸಂಧಿ’ ಎಂಬ ಹೆಸರೂ ಇದಕ್ಕಿದೆ. ನೇಜಿ ನೆಡುವಾಗ ಒಬ್ಬಾಕೆ ಸಾಲು ಎತ್ತಿಕೊಟ್ಟರೆ ಉಳಿದವರು ಸೊಲ್ಲು ಸೇರಿಸುತ್ತಾರೆ. ಭೂತಕೋಲದಲ್ಲಿ ಪಂಬದ, ಪರವ, ನಲಿಕೆ ಸಮುದಾಯಗಳ ಮಹಿಳೆಯರು ತೆಂಬರೆ ಬಾರಿಸುತ್ತ ಇದನ್ನು ಹಾಡುತ್ತಾರೆ. ಅನ್ಯಾಯಕ್ಕೆ ಸಿಲುಕಿ ಸತ್ತವರು ಪಾಡ್ದನದಲ್ಲಿ ‘ಮಾಯ’ವಾಗುತ್ತಾರೆ, ಬಳಿಕ ದೈವವಾಗಿ ಮರಳುತ್ತಾರೆ.

ಸಿರಿ ಪಾಡ್ದನ ಇದಕ್ಕೆ ಪ್ರಮುಖ ನಿದರ್ಶನ. ಸತ್ಯನಾಪುರದ ಬೆರ್ಮ ಆಳ್ವನ ಮನೆಯಲ್ಲಿ ಬೆಳೆದ ಸಿರಿ, ಪರಸ್ತ್ರೀ ಸಂಗ ಮಾಡಿದ ಗಂಡ ಕಾಂತು ಪೂಂಜನನ್ನು ತೊರೆಯುತ್ತಾಳೆ. ತವರಿನ ಹಕ್ಕನ್ನೂ ಕಳೆದುಕೊಂಡು ಹೊರಟಾಗ ಆಕೆಯ ಶಾಪಕ್ಕೆ ಅರಮನೆ ಉರಿದುಹೋಗುತ್ತದೆ. ಮುಂದೆ ಆಕೆಯ ಮೊಮ್ಮಕ್ಕಳಾದ ಅವಳಿ ಹುಡುಗಿಯರು ಅಬ್ಬಗ-ದಾರಗ ಚೆನ್ನೆಯಾಟಕ್ಕೆ ಕೂರುತ್ತಾರೆ. ಆಟ ಜಗಳವಾಗಿ, ಒಬ್ಬಳು ಚೆನ್ನೆಮಣೆಯಿಂದ ಇನ್ನೊಬ್ಬಳನ್ನು ಹೊಡೆಯುತ್ತಾಳೆ. ಕೊನೆಗೆ ಇಬ್ಬರನ್ನೂ ಬಾವಿ ನುಂಗುತ್ತದೆ. ಅಕ್ಕತಂಗಿಯರು ಚೆನ್ನೆಯಾಡಬಾರದು ಎಂಬ ಕರಾವಳಿಯ ನಂಬಿಕೆಗೆ ಈ ಕಥೆಯೇ ಮೂಲ.

ಇಂಗ್ಲಿಷ್ ಕವಯಿತ್ರಿ ಕ್ರಿಸ್ಟಿನಾ ರೊಸೆಟ್ಟಿಯ ‘ಗಾಬ್ಲಿನ್ ಮಾರ್ಕೆಟ್’ (1862) ಕೂಡ ಇಬ್ಬರು ಸಹೋದರಿಯರ ಕಥೆ. ಅಲ್ಲಿ ದುಷ್ಟಶಕ್ತಿಯ ಪಾಲಾಗಲಿದ್ದವಳನ್ನು ಸಹೋದರಿ ಉಳಿಸಿಕೊಳ್ಳುತ್ತಾಳೆ. ಇಲ್ಲಿ ಯಾರೂ ಉಳಿಯುವುದಿಲ್ಲ. ಆದರೆ ಉಡುಪಿ ಸಮೀಪದ ಹಿರಿಯಡಕ, ಕಾರ್ಕಳ ಕಡೆಯ ನಂದಳಿಕೆಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಸಿರಿಜಾತ್ರೆಯಲ್ಲಿ ಹಿಂಗಾರ ಹಿಡಿದ ನೂರಾರು ಮಹಿಳೆಯರ ಮೈಮೇಲೆ ಸಿರಿ ಬಳಗ ಆವೇಶಗೊಳ್ಳುತ್ತದೆ. ಮನೆಯಲ್ಲಿ ಬಾಯಿ ಬಿಡಲಾಗದ ಸಂಕಟವನ್ನು ಅಂದು ಊರೇ ನಿಂತು ಕೇಳುತ್ತದೆ.

ಕಾರ್ಕಳದ ತಂಗಿ

ವೀರಪಾಂಡ್ಯ ಭೈರರಸ 1432ರಲ್ಲಿ ಪ್ರತಿಷ್ಠಾಪಿಸಿದ, ಸುಮಾರು 42 ಅಡಿ ಎತ್ತರದ ಕಾರ್ಕಳದ ಗೊಮ್ಮಟನ ಹಿಂದೆಯೂ ಇಂತಹ ಪಾಡ್ದನವೊಂದಿದೆ. ಇನ್ನೆಲ್ಲೂ ಇಂತಹ ಮೂರ್ತಿ ಆಗಬಾರದೆಂದು ಅರಸ, ಶಿಲ್ಪಿ ಬೀರ ಕಲ್ಕುಡನ ಒಂದು ಕೈ, ಒಂದು ಕಾಲು ಕಡಿಸುತ್ತಾನೆ. ತಂಗಿ ಕಲ್ಲುರ್ಟಿ ಅಣ್ಣನನ್ನು ಹುಡುಕಿ ಬರುತ್ತಾಳೆ. ಇಬ್ಬರೂ ಮಾಯವಾಗಿ ಕಾರ್ಕಳಕ್ಕೆ ಬೆಂಕಿಯಿಡುತ್ತಾರೆ. ಉಳಿದ ಕೈಯಲ್ಲೇ ಕಲ್ಕುಡ ವೇಣೂರಿನ ಗೊಮ್ಮಟನನ್ನು ಕಡೆದ ಎನ್ನುತ್ತದೆ ಪಾಡ್ದನ. ಆ ಮೂರ್ತಿ ನಿಂತದ್ದು 1604ರಲ್ಲಿ. 172 ವರ್ಷಗಳ ಅಂತರ ಹಾಡಿಗೆ ಅಡ್ಡಿಯಾಗಿಲ್ಲ. ಅರಸನ ಕೀರ್ತಿಯನ್ನು ಶಾಸನ ಕಾಪಾಡಿದರೆ, ಅಂಗ ಕಳೆದುಕೊಂಡವನ ಲೆಕ್ಕವನ್ನು ಹಾಡು ಕಾಪಾಡಿದೆ.

ಭಕ್ತರ ಪಾಲಿಗೆ ಇವು ದೆವ್ವದ ಕಥೆಗಳಲ್ಲ ಎಂಬುದನ್ನು ಮರೆಯಬಾರದು. ತುಳುವರಿಗೆ ಭೂತವೆಂದರೆ ಕಾಯುವ ಶಕ್ತಿ. ಕಾಪುವಿನ ಮಾರಿಗುಡಿಗಳಲ್ಲಿ ಸುಗ್ಗಿ, ಆಟಿ, ಜಾರ್ದೆ ಎಂದು ವರ್ಷಕ್ಕೆ ಮೂರು ಬಾರಿ ನಡೆಯುವ ಮಾರಿಪೂಜೆಯಲ್ಲೂ ಭಯ ಮತ್ತು ಭಕ್ತಿ ಬೇರೆಬೇರೆಯಾಗಿಲ್ಲ. ಪಾಶ್ಚಾತ್ಯ ಗೋಥಿಕ್‌ನ ಹೆಣ್ಣು ಎಷ್ಟೋ ಬಾರಿ ಅಟ್ಟದ ಕೋಣೆಯಲ್ಲಿ ಹುಚ್ಚಿಯಾಗಿ ಉಳಿಯುತ್ತಾಳೆ. ಪಾಡ್ದನದ ಹೆಣ್ಣಿಗೆ ಗುಡಿಯಿದೆ, ಕೋಲವಿದೆ, ಮಾತಿದೆ. ಭಯಪಡಬೇಕಾದವನು ಅನ್ಯಾಯ ಮಾಡಿದವನು.

ಅಚ್ಚಿನ ಕಾಲದಲ್ಲಿ

1945ರಲ್ಲಿ ಕುಂದಾಪುರದಲ್ಲಿ ಜನಿಸಿ ಮಣಿಪಾಲದಲ್ಲಿ ನೆಲೆಸಿದ ವೈದೇಹಿ ಅವರ ‘ಬಿಂದು ಬಿಂದಿಗೆ’ (1990), ‘ಪಾರಿಜಾತ’ (1999) ಕವನ ಸಂಕಲನಗಳಿಗೆ ಬರುವ ಹೊತ್ತಿಗೆ ಶಾಪವೂ ಇಲ್ಲ, ದೈವವೂ ಇಲ್ಲ. ಅವರ ಬರವಣಿಗೆಯಲ್ಲಿ ಹೆಣ್ಣಿನ ನೋವು ಅಡುಗೆಮನೆ, ಒಳಕೋಣೆಗಳ ದಿನನಿತ್ಯದ ಮಾತಿನೊಳಗೆ ಅಡಗಿದೆ. ಲೋಕ ಹುಚ್ಚಿ ಎಂದು ಕರೆದ ಹೆಂಗಸನ್ನು ಅವರ ‘ಅಕ್ಕು’ ಕಥೆ ನಡುಮನೆಗೇ ಕರೆತಂದಿತು. ಈ ಕಥೆಯನ್ನೂ ಒಳಗೊಂಡ ‘ಅಮ್ಮಚ್ಚಿಯೆಂಬ ನೆನಪು’ ಚಲನಚಿತ್ರ 2018ರಲ್ಲಿ ತೆರೆಕಂಡಿತು.

ಯಾರ ಹೆಸರಿನಲ್ಲಿ?

ಸಿರಿ ಕಾವ್ಯವನ್ನು ಹೊರಜಗತ್ತಿಗೆ ಪರಿಚಯಿಸಿದ್ದು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ. ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರೊಂದಿಗೆ ಅವರು 1998ರಲ್ಲಿ ಪ್ರಕಟಿಸಿದ ಪಾಠ 15,683 ಸಾಲುಗಳದ್ದು. ಹಾಡಿದವರು ಗೋಪಾಲ ನಾಯ್ಕ ಎಂಬ ಪುರುಷ ಗಾಯಕರು. ಹೆಣ್ಣಿನ ಬಾಯಿಯ ಸಿರಿಯನ್ನು ಡಾ. ಎ.ವಿ. ನಾವಡ ‘ರಾಮಕ್ಕ ಮುಗ್ಗೇರ್ತಿ ಕಟ್ಟಿದ ಸಿರಿ ಪಾಡ್ದನ’ ಎಂಬ ಹೆಸರಿನಲ್ಲಿ ಹೊರತಂದರು. ಹೆಸರಿನಲ್ಲಿರುವ ‘ಕಟ್ಟಿದ’ ಎಂಬ ಮಾತು ಮಹತ್ವದ್ದು. ಅದು ಹಾಡುಗಾರ್ತಿಯನ್ನು ಕೇವಲ ಮಾಹಿತಿದಾರಳೆಂದು ಕಾಣದೆ ಕವಿಯೆಂದು ಒಪ್ಪುತ್ತದೆ.

ಭತ್ತದ ಗದ್ದೆಗಳು ಕಡಿಮೆಯಾಗಿ, ನಾಟಿಗೆ ಯಂತ್ರ ಬಂದ ಮೇಲೆ ನೇಜಿಯ ಹಾಡಿಗೆ ಸಂದರ್ಭವೇ ತಪ್ಪುತ್ತಿದೆ. ಧ್ವನಿಮುದ್ರಣದಲ್ಲಿ ಕಥೆ ಉಳಿದೀತು. ಆದರೆ ಕಟ್ಟಿದಾಕೆಯ ಹೆಸರು ದಾಖಲಾಗದಿದ್ದರೆ, ಮಹಿಳಾ ಕಾವ್ಯದ ಚರಿತ್ರೆ ಅಚ್ಚಿನ ಪುಸ್ತಕದಿಂದಲೇ ಆರಂಭವಾಯಿತೆಂಬ ತಪ್ಪು ತಿಳಿವಳಿಕೆಯೂ ಅದರೊಂದಿಗೆ ಉಳಿಯುತ್ತದೆ.