ಹೃದಯಕ್ಕೂ ಒಂದು ಹಿಂಬಾಗಿಲು

ಸುಮಾರು ದಿನದಿಂದ ಏನೂ ಬರೆಯೋಕೆ ಆಗಿರಲಿಲ್ಲ. ಅಪ್ಪನ ಆಂಜಿಯೋಗ್ರಾಂ, ಆಸ್ಪತ್ರೆ ಓಡಾಟ... ಡಾಕ್ಟ್ರು ಪರದೆ ತೋರಿಸಿ "ಹೃದಯದ ಬಲಗಡೆ ರಕ್ತನಾಳ ನೂರಕ್ಕೆ ನೂರು ಮುಚ್ಚಿದೆ, ಹಳೇ ಬ್ಲಾಕು" ಅಂದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಮತ್ತೆ ಇವ್ರು ಇಷ್ಟು ದಿನ ಓಡಾಡ್ಕೊಂಡಿದ್ದು ಹೇಗೆ?"

ನಾಳ ನಿಧಾನವಾಗಿ ಮುಚ್ಚಿಕೊಂಡ್ರೆ ಅಕ್ಕಪಕ್ಕದ ಸಣ್ಣ ಕವಲುಗಳು ಹಿಗ್ಗಿ, ಬ್ಲಾಕಿನ ಆಚೆಗೆ ರಕ್ತ ತಲುಪಿಸುತ್ತವಂತೆ. ಮೇನ್ ರೋಡ್ ಬಂದ್ ಆದಾಗ ನಾವೆಲ್ಲ ಗಲ್ಲಿಯೊಳಗೆ ನುಗ್ಗಲ್ವಾ, ಹಾಗೆ. ಮೆಟ್ಟಿಲು ಹತ್ತುವಾಗ ಮಾತ್ರ ಅದು ಸಾಲದೆ ಎದೆ ಹಿಡಿಯುತ್ತೆ. ಆಪರೇಷನ್ ಇಲ್ಲದೆ ತಂತಿ ತೂರಿಸಿಯೂ ಇದನ್ನು ತೆಗೀಬಹುದು ಅಂದಿದ್ರು. ಆ ರಾತ್ರಿ ನಿದ್ದೆ ಬರದೆ ಓದುತ್ತಾ ಕೂತೆ.

ಕಥೆ ಶುರುವಾಗೋದು ಕೈತಪ್ಪಿನಿಂದ. 1963ರಲ್ಲಿ ಅಮೆರಿಕದ ಚಾರ್ಲ್ಸ್ ಡಾಟರ್ ಎಂಬ ಎಕ್ಸ್‌ರೇ ತಜ್ಞ ಹೊಟ್ಟೆಯ ನಾಳದ ಚಿತ್ರ ತೆಗೆಯೋಕೆ ಒಬ್ಬ ರೋಗಿಗೆ ಕ್ಯಾಥೆಟರ್ ಏರಿಸಿದ್ರು. ನೋಡಿದ್ರೆ ಅದು ಪೂರ್ತಿ ಮುಚ್ಚಿದ್ದ ನಾಳವನ್ನೇ ತೂರಿಕೊಂಡು ಹೋಗಿತ್ತು! ಮರುವರ್ಷ, ಕಾಲು ಕತ್ತರಿಸಿಕೊಳ್ಳೋಕೆ ಒಪ್ಪದ 82ರ ಅಜ್ಜಿಯೊಬ್ಬರ ಕಾಲಿನ ನಾಳವನ್ನು ಬೇಕಂತಲೇ ಅಗಲ ಮಾಡಿದ್ರು. ಕಾಲು ಉಳೀತು.

ಹೃದಯದ ನಾಳಕ್ಕೆ ಬಲೂನು ಹೋಗಿದ್ದು 1977ರ ಸೆಪ್ಟೆಂಬರ್ 16ರಂದು, ಜ್ಯೂರಿಕ್‌ನಲ್ಲಿ. ಮಾಡಿದವರು ಆಂಡ್ರಿಯಾಸ್ ಗ್ರುಂಟ್ಸಿಗ್, ಮನೆಯ ಅಡುಗೆಮನೆ ಮೇಜಿನ ಮೇಲೆ ಬಲೂನು ತಯಾರಿಸುತ್ತಿದ್ದ ಪುಣ್ಯಾತ್ಮ :) ಆದ್ರೆ ಅದು ಕಿರಿದಾಗಿದ್ದ ನಾಳ, ಮುಚ್ಚಿದ್ದಲ್ಲ. ಹಿಗ್ಗಬೇಕಾದ್ರೆ ಬಲೂನು ಮೊದಲು ಒಳಗೆ ಹೋಗಬೇಕಲ್ಲ? ಹಳೇ ಬ್ಲಾಕಿನ ಮುಂಭಾಗ ನಾರುಗಟ್ಟಿ, ಸುಣ್ಣ ಕೂತು ಗಟ್ಟಿಯಾಗಿರುತ್ತೆ. ತಂತಿ ದಾರಿ ತಪ್ಪಿ ನಾಳದ ಗೋಡೆಯೊಳಗೆ ಸೇರುತ್ತೆ. ತೂತು ಬಿದ್ದು ಹೃದಯದ ಸುತ್ತ ರಕ್ತ ತುಂಬಿದ್ರೆ ಪ್ರಾಣಕ್ಕೇ ಸಂಚಕಾರ.

ಜಪಾನಿನವರ ಉಪಾಯ ನೋಡಿ. ಒಸಾಮು ಕಾಟೋ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಮೊದಲು ಹೇಳಿದ ಗಲ್ಲಿಗಳಲ್ಲೇ ತೆಳು ತಂತಿ ಬಿಟ್ಟು ಬ್ಲಾಕಿನ ಹಿಂದುಗಡೆಯಿಂದ ಬರ್ತಾರೆ. ಅಲ್ಲಿಂದ ಪುಟ್ಟ ಬಲೂನು ಹಿಗ್ಗಿಸಿ ಜಾಗ ಮಾಡಿದ್ರೆ ಮುಂದಿನಿಂದ ಬಂದ ತಂತಿಗೆ ದಾರಿ ಸಿಗುತ್ತೆ. ಎರಡೂ ಕಡೆಯಿಂದ ಸುರಂಗ ಕೊರೆದ ಹಾಗೆ. ಅಪ್ಪನ್ನ ಇಷ್ಟು ದಿನ ಕಾಪಾಡಿದ ಗಲ್ಲಿಗಳೇ ರಿಪೇರಿಗೂ ದಾರಿ! ಇದನ್ನು ಓದಿ ಯಾಕೋ ಕಣ್ಣು ಒದ್ದೆಯಾಯ್ತು.

ಆದ್ರೆ ತೆಗೀಬಹುದು ಅಂದ ಮಾತ್ರಕ್ಕೆ ತೆಗೆಸಲೇಬೇಕಾ? 2018ರ ಯೂರೋ-ಸಿಟಿಓ ಅಧ್ಯಯನದಲ್ಲಿ, ಬರೀ ಮಾತ್ರೆ ತಗೊಂಡವರಿಗಿಂತ ನಾಳ ತೆರೆಸಿಕೊಂಡವರಿಗೆ ಎದೆನೋವು ಹೆಚ್ಚು ತಗ್ಗಿತ್ತು. 2019ರಲ್ಲಿ ಪ್ರಕಟವಾದ ಡಿಸಿಷನ್-ಸಿಟಿಓದಲ್ಲಿ ಸಾವು, ಹೃದಯಾಘಾತದಂಥವುಗಳ ಒಟ್ಟು ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ (ಅದನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದ್ರು ಅನ್ನೋದೂ ನಿಜ).

ಬೆಳಿಗ್ಗೆ ಅಪ್ಪನಿಗೆ ಎಲ್ಲಾ ಹೇಳಿದೆ.

"ಅಂದ್ರೆ ಆಯಸ್ಸಿಗಲ್ಲ, ಮೆಟ್ಟಿಲು ಹತ್ತೋದಕ್ಕೆ. ಅಷ್ಟೇ ತಾನೇ?"

"ಹೂಂ ಅಪ್ಪ, ಈಗ ಗೊತ್ತಿರೋ ಮಟ್ಟಿಗೆ ಅಷ್ಟೇ."

"ಹಾಗಾದ್ರೆ ಮೊದಲು ಮಾತ್ರೆ ತಗೊಂಡು ನೋಡೋಣ ಬಿಡು" ಅಂದ್ರು. ಮುಂದಿನ ತಿಂಗಳು ಮತ್ತೆ ಡಾಕ್ಟ್ರ ಹತ್ರ ಹೋಗೋದಿದೆ.