ಹೊಣೆ ಇರೋ ರೇಡಿಯೋ, ಸ್ವಾತಂತ್ರ್ಯ ಇರೋ ಪಾಡ್‌ಕಾಸ್ಟ್: ನಮಗೆ ಎರಡೂ ಒಟ್ಟಿಗೆ ಯಾಕೆ ಸಿಗ್ತಿಲ್ಲ?

ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುತ್ತಿದ್ದ ಪ್ರೊ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಒಂದು ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಶುರು ಮಾಡಿದರು. ಅದಕ್ಕೆ 'ಆಕಾಶವಾಣಿ' ಅಂತ ಹೆಸರಿಟ್ಟರು. ಮುಂದೆ ಮೈಸೂರು ಸಂಸ್ಥಾನ ಆ ನಿಲಯವನ್ನು ವಹಿಸಿಕೊಂಡಿತು. ಸ್ವಾತಂತ್ರ್ಯದ ನಂತರ, 1950ರ ದಶಕದಲ್ಲಿ ಅದೇ ಹೆಸರು ಇಡೀ ದೇಶದ ರೇಡಿಯೋಗೆ ಬಂತು. 2023ರ ಮೇ ತಿಂಗಳಲ್ಲಿ ಪ್ರಸಾರ ಭಾರತಿ 'ಆಲ್ ಇಂಡಿಯಾ ರೇಡಿಯೋ' ಬಿಟ್ಟು ಇನ್ಮುಂದೆ 'ಆಕಾಶವಾಣಿ' ಅಂತ ಮಾತ್ರ ಹೇಳಿ ಎಂದು ಆದೇಶ ಹೊರಡಿಸಿತು.

ಮನೆಯಲ್ಲಿ ಮೈಕ್ ಇಟ್ಟುಕೊಂಡು, ಯಾರ ಕೈಕೆಳಗೂ ಇಲ್ಲದೆ, ಕೇಳುವವರು ಕೇಳಲಿ ಅಂತ ಮಾತಾಡೋದು. ಇವತ್ತಾಗಿದ್ದರೆ ಗೋಪಾಲಸ್ವಾಮಿಯವರನ್ನು ಪಾಡ್‌ಕಾಸ್ಟರ್ ಅಂತಿದ್ವಿ. ಒಬ್ಬ ಮೇಷ್ಟರ ಹವ್ಯಾಸದ ಹೆಸರು ಸರ್ಕಾರಿ ಸಂಸ್ಥೆಯ ಹೆಸರಾಯಿತು. ಈಗ ಜನ ಮತ್ತೆ ಮನೆಯಲ್ಲಿ ಮೈಕ್ ಇಟ್ಟುಕೊಂಡು ಕೂತಿದ್ದಾರೆ.

'ಪಾಡ್‌ಕಾಸ್ಟ್ ಬಂತು, ಇನ್ನು ರೇಡಿಯೋ ಯಾಕೆ?' ಅನ್ನೋ ಪ್ರಶ್ನೆ ಆಗಾಗ ಕೇಳಿಬರುತ್ತದೆ. ಪ್ರಶ್ನೆಯೇ ಸ್ವಲ್ಪ ತಪ್ಪಾಗಿದೆ. ಪಾಡ್‌ಕಾಸ್ಟ್ ರೇಡಿಯೋದ ರೂಪ ತಗೊಂಡಿದೆ, ಹೊಣೆ ತಗೊಂಡಿಲ್ಲ. ಆಕಾಶವಾಣಿಗೆ ಹೊಣೆ ಇದೆ, ಸ್ವಾತಂತ್ರ್ಯ ಇಲ್ಲ. ಇದು ಹೀಗೇಕಾಯಿತು ಅಂತ ಒಂದೊಂದಾಗಿ ನೋಡೋಣ.

ಸಾರ್ವಜನಿಕ ಸೇವಾ ಪ್ರಸಾರ ಅಂದರೇನು?

ಸರ್ಕಾರಿ ಪ್ರಸಾರ, ಖಾಸಗಿ ಪ್ರಸಾರ, ಸಾರ್ವಜನಿಕ ಪ್ರಸಾರ: ಇವು ಮೂರು ಬೇರೆ ಬೇರೆ. ಮೊದಲನೆಯದು ಆಳುವವರ ಮಾತು ಹೇಳುತ್ತದೆ. ಎರಡನೆಯದು ಜಾಹೀರಾತುದಾರನಿಗೆ ಕೇಳುಗರನ್ನು ಒದಗಿಸುತ್ತದೆ. ಮೂರನೆಯದು ಜನರ ದುಡ್ಡಿನಲ್ಲಿ ನಡೆದು, ಜನರಿಗೆ ಉತ್ತರ ಕೊಡಬೇಕಾದದ್ದು.

1922ರಲ್ಲಿ ಹುಟ್ಟಿದ ಬಿಬಿಸಿ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. ಮಾಹಿತಿ, ಶಿಕ್ಷಣ, ಮನರಂಜನೆ ಅನ್ನೋ ಮೂರು ಪದಗಳಲ್ಲಿ ಅದರ ಮೊದಲ ಮುಖ್ಯಸ್ಥ ಜಾನ್ ರೀತ್ ಈ ಕೆಲಸವನ್ನು ವಿವರಿಸಿದ್ದರು. ನಮ್ಮ ಪ್ರಸಾರ ಭಾರತಿ ಕಾಯ್ದೆಯ 12ನೇ ಸೆಕ್ಷನ್‌ನಲ್ಲೂ ಇದೇ ಮೂರು ಪದಗಳಿವೆ. ಪದಗಳು ಬಂದವು. ಆದರೆ ಅವುಗಳ ಹಿಂದಿನ ಹಣದ ಏರ್ಪಾಡು ಬರಲಿಲ್ಲ. ಬ್ರಿಟನ್ನಿನಲ್ಲಿ ಟಿವಿ ಇರುವ ಮನೆಯವರು ಬಿಬಿಸಿಗಾಗಿ ಲೈಸೆನ್ಸ್ ಶುಲ್ಕ ಕಟ್ಟುತ್ತಾರೆ. ನಮ್ಮಲ್ಲೂ ರೇಡಿಯೋ ಇಟ್ಟುಕೊಳ್ಳೋಕೆ ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಗೆ ಹೋಗಿ ಪುಸ್ತಕದಲ್ಲಿ ಸ್ಟಾಂಪ್ ಹಚ್ಚಿಸಿಕೊಂಡು ಬರ್ತಿದ್ದದ್ದನ್ನು ಮನೆಯ ಹಿರಿಯರನ್ನು ಕೇಳಿದರೆ ಹೇಳ್ತಾರೆ. 1980ರ ದಶಕದಲ್ಲಿ ಅದು ರದ್ದಾಯಿತು. ಇವತ್ತು ಪ್ರಸಾರ ಭಾರತಿಯ ಸಂಬಳದ ಬಹುಪಾಲು ಬರುವುದು ಕೇಂದ್ರ ಸರ್ಕಾರದ ಅನುದಾನದಿಂದ. ಸಂಬಳ ಕೊಡುವವರನ್ನು ಪ್ರಶ್ನೆ ಕೇಳೋದು ಎಷ್ಟು ಕಷ್ಟ ಅಂತ ಕೆಲಸಕ್ಕೆ ಹೋಗುವ ಯಾರಿಗೂ ವಿವರಿಸಬೇಕಿಲ್ಲ.

ಸರ್ಕಾರದ ಕೈಯಲ್ಲಿ ಮೈಕ್

ಭಾರತದಲ್ಲಿ ಸಂಘಟಿತ ಪ್ರಸಾರ 1927ರಲ್ಲಿ ಶುರುವಾದದ್ದು ಖಾಸಗಿ ಕಂಪನಿಯಿಂದ. ಬಾಂಬೆ, ಕಲ್ಕತ್ತಾಗಳಲ್ಲಿ ನಿಲಯ ತೆರೆದ ಆ ಕಂಪನಿ 1930ರಲ್ಲಿ ದಿವಾಳಿಯಾಯಿತು. ಬ್ರಿಟಿಷ್ ಸರ್ಕಾರ ಅದನ್ನು ವಹಿಸಿಕೊಂಡಿತು. 1936ರಲ್ಲಿ ಅದು ಆಲ್ ಇಂಡಿಯಾ ರೇಡಿಯೋ ಆಯಿತು. 1947ರಲ್ಲಿ ಬ್ರಿಟಿಷರು ಹೋದರು, ರೇಡಿಯೋ ಸರ್ಕಾರದ ಬಳಿಯೇ ಉಳಿಯಿತು.

ಇದರ ಅಪಾಯ ಪೂರ್ತಿಯಾಗಿ ಕಂಡದ್ದು 1975ರ ಜೂನ್ 26ರ ಬೆಳಗ್ಗೆ. ತುರ್ತು ಪರಿಸ್ಥಿತಿ ಬಂದಿದೆ ಅಂತ ಇಂದಿರಾ ಗಾಂಧಿ ದೇಶಕ್ಕೆ ತಿಳಿಸಿದ್ದು ರೇಡಿಯೋ ಮೂಲಕವೇ. ಮುಂದಿನ ತಿಂಗಳುಗಳಲ್ಲಿ ಪತ್ರಿಕೆಗಳಿಗೆ ಸೆನ್ಸಾರ್ ಬೇಕಾಯಿತು. ಆಕಾಶವಾಣಿಗೆ ಒಂದು ಸೂಚನೆಯೇ ಸಾಕಾಗಿತ್ತು.

ತುರ್ತು ಪರಿಸ್ಥಿತಿ ಮುಗಿದ ಮೇಲೆ ಬಂದ ಜನತಾ ಸರ್ಕಾರ ಪತ್ರಕರ್ತ ಬಿ.ಜಿ. ವರ್ಗೀಸ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. 1978ರಲ್ಲಿ ಆ ಸಮಿತಿ 'ಆಕಾಶ ಭಾರತಿ' ಹೆಸರಿನ ಸ್ವತಂತ್ರ ಟ್ರಸ್ಟ್ ಬೇಕು ಎಂದಿತು. ಅದು ಆಗಲಿಲ್ಲ. 1990ರಲ್ಲಿ ಪ್ರಸಾರ ಭಾರತಿ ಕಾಯ್ದೆ ಪಾಸಾಯಿತು. ಜಾರಿಗೆ ಬಂದದ್ದು 1997ರಲ್ಲಿ, ಏಳು ವರ್ಷ ಬಿಟ್ಟು. ಜಾರಿಗೆ ಬಂದ ಕಾಯ್ದೆಯಲ್ಲೂ 23ನೇ ಸೆಕ್ಷನ್ ಪ್ರಕಾರ ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣ ಕೊಟ್ಟು ಸರ್ಕಾರ ನಿರ್ದೇಶನ ನೀಡಬಹುದು.

ಈ ನಡುವೆ 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ತೀರ್ಪು ಕೊಟ್ಟಿತು. ಕ್ರಿಕೆಟ್ ಪಂದ್ಯವನ್ನು ಟಿವಿಯಲ್ಲಿ ತೋರಿಸುವ ಹಕ್ಕು ಯಾರದ್ದು ಅಂತ ಬಂಗಾಳದ ಕ್ರಿಕೆಟ್ ಸಂಸ್ಥೆ ಮತ್ತು ಸರ್ಕಾರದ ನಡುವೆ ನಡೆದ ಜಗಳ ಅದು. ಕೋರ್ಟ್ ಹೇಳಿದ್ದು: ತರಂಗಗಳು ಸಾರ್ವಜನಿಕ ಆಸ್ತಿ. ಅವು ಸರ್ಕಾರದ ಏಕಸ್ವಾಮ್ಯವೂ ಆಗಬಾರದು, ಖಾಸಗಿಯವರ ಪಾಲೂ ಆಗಬಾರದು, ಸ್ವತಂತ್ರ ಸಾರ್ವಜನಿಕ ಪ್ರಾಧಿಕಾರವೊಂದು ನೋಡಿಕೊಳ್ಳಬೇಕು. ಮೂರು ದಶಕ ಆಯಿತು. ಆ ಪ್ರಾಧಿಕಾರಕ್ಕೆ ನಾವಿನ್ನೂ ಕಾಯುತ್ತಿದ್ದೇವೆ.

ಎಫ್‌ಎಂ ಬಂತು, ಸುದ್ದಿ ಬರಲಿಲ್ಲ

ದೇಶದ ಮೊದಲ ಖಾಸಗಿ ಎಫ್‌ಎಂ 2001ರ ಜುಲೈನಲ್ಲಿ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ. ಆಮೇಲೆ ಹಾಡು ಬಂತು, ಆರ್‌ಜೆ ಬಂದರು, ಪ್ರಾಂಕ್ ಕಾಲ್ ಬಂತು. ಆದರೆ ಖಾಸಗಿ ಎಫ್‌ಎಂ ತನ್ನದೇ ಸುದ್ದಿ ಪ್ರಸಾರ ಮಾಡುವಂತಿಲ್ಲ. 2011ರ ನೀತಿ ಒಂದೇ ಒಂದು ಸಡಿಲಿಕೆ ಕೊಟ್ಟಿತು: ಆಕಾಶವಾಣಿಯ ಸುದ್ದಿಯನ್ನು ಒಂದಕ್ಷರ ಬದಲಿಸದೆ ಮರುಪ್ರಸಾರ ಮಾಡಬಹುದು.

ಇದರಲ್ಲಿರುವ ವಿಚಿತ್ರ ಗಮನಿಸಿ. ನೂರಾರು ಖಾಸಗಿ ಟಿವಿ ಚಾನೆಲ್‌ಗಳು ದಿನವಿಡೀ ಸುದ್ದಿಯ ಹೆಸರಲ್ಲಿ ಕೂಗಾಡಬಹುದು. ಪತ್ರಿಕೆ ಯಾರು ಬೇಕಾದರೂ ತರಬಹುದು. ರೇಡಿಯೋದಲ್ಲಿ ಮಾತ್ರ ಸುದ್ದಿ ಹೇಳುವ ಹಕ್ಕು ಒಬ್ಬರಿಗೇ.

ಸಮುದಾಯ ರೇಡಿಯೋಗೂ ಇದೇ ಬೇಲಿ. ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ' ತಂಡದ ಕತೆ ಕೇಳಿ. 2000ದ ದಶಕದ ಆರಂಭದಲ್ಲಿ ಅವರ ಬಳಿ ಸ್ಟುಡಿಯೋ ಇತ್ತು, ಕಾರ್ಯಕ್ರಮ ಮಾಡುವ ಹಳ್ಳಿಯ ಜನ ಇದ್ದರು. ಗಾಳಿಯಲ್ಲಿ ಪ್ರಸಾರ ಮಾಡಲು ಅನುಮತಿ ಇರಲಿಲ್ಲ. ಹಾಗಾಗಿ ಕೇಬಲ್ ಮೂಲಕ ಮನೆಗಳಿಗೆ ಧ್ವನಿ ಕಳಿಸಿದರು. 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ರೇಡಿಯೋ ತೆರೆಯಲು ಅವಕಾಶ ಸಿಕ್ಕಿತು. ಆದರೆ ಸ್ವಂತ ಸುದ್ದಿಗೆ ಅಲ್ಲ. ತಮ್ಮೂರಿನ ಪಂಚಾಯಿತಿಯಲ್ಲಿ ಏನಾಯಿತು ಅಂತ ತಮ್ಮೂರಿನ ರೇಡಿಯೋದಲ್ಲೇ ಸುದ್ದಿಯಾಗಿ ಹೇಳುವಂತಿಲ್ಲ.

ಪಾಡ್‌ಕಾಸ್ಟ್ ಎಲ್ಲಿಂದ ಬಂತು?

ಮಜಾ ಏನಂದ್ರೆ, ಪಾಡ್‌ಕಾಸ್ಟ್ ಹುಟ್ಟಿದ್ದೂ ಸಾರ್ವಜನಿಕ ರೇಡಿಯೋದ ಅಂಗಳದಲ್ಲೇ. 2003ರಲ್ಲಿ ಅಮೆರಿಕದಲ್ಲಿ ಡೇವ್ ವೈನರ್ ಎಂಬ ಸಾಫ್ಟ್‌ವೇರ್ ಡೆವಲಪರ್ ಜೊತೆ ಸೇರಿ ಆಡಿಯೋ ಸಂದರ್ಶನಗಳನ್ನು ಇಂಟರ್ನೆಟ್‌ಗೆ ಹಾಕಿದ ಕ್ರಿಸ್ಟೋಫರ್ ಲೈಡನ್, ಸಾರ್ವಜನಿಕ ರೇಡಿಯೋದಲ್ಲಿ ಕಾರ್ಯಕ್ರಮ ನಡೆಸುತ್ತಿದ್ದವರು. 'ಪಾಡ್‌ಕಾಸ್ಟಿಂಗ್' ಪದ 2004ರಲ್ಲಿ ಗಾರ್ಡಿಯನ್ ಪತ್ರಿಕೆಯ ಒಂದು ಲೇಖನದಲ್ಲಿ ಬಂತು. 2005ರಲ್ಲಿ ಆಪಲ್ ತನ್ನ ಐಟ್ಯೂನ್ಸ್‌ಗೆ ಪಾಡ್‌ಕಾಸ್ಟ್ ಸೇರಿಸಿತು. 2014ರಲ್ಲಿ ಜಗತ್ತಿನ ಗಮನ ಸೆಳೆದ 'ಸೀರಿಯಲ್' ಮಾಡಿದ್ದು ಸಾರ್ವಜನಿಕ ರೇಡಿಯೋದ 'ದಿಸ್ ಅಮೆರಿಕನ್ ಲೈಫ್' ತಂಡದವರು. ಸಾರ್ವಜನಿಕ ದುಡ್ಡಿನಲ್ಲಿ ಪಳಗಿದ ಕೈಗಳು ಹೊಸ ಮಾಧ್ಯಮ ಕಟ್ಟಿದವು.

ನಮ್ಮಲ್ಲಿ ಇದು ಬೆಳೆದದ್ದು 2016ರ ನಂತರ, ಜಿಯೋ ಬಂದು ಡೇಟಾ ಅಗ್ಗ ಆದ ಮೇಲೆ. 2019ರಲ್ಲಿ ಶುರುವಾದ 'ತಲೆ-ಹರಟೆ' ಕನ್ನಡದಲ್ಲಿ ನೀತಿ, ವಿಜ್ಞಾನ, ರಾಜಕೀಯವನ್ನು ಗಂಟೆಗಟ್ಟಲೆ ಮಾತಾಡಬಹುದು, ಕೇಳುವವರೂ ಇದ್ದಾರೆ ಅಂತ ತೋರಿಸಿತು. ನೆನಪಿಡಿ, ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಧ್ವನಿಯಲ್ಲಿ ರಾಜಕೀಯ ವಿಶ್ಲೇಷಣೆ ಮಾಡಿ ಜನಕ್ಕೆ ತಲುಪಿಸುವ ದಾರಿ ತೆರೆದದ್ದೇ ಇಂಟರ್ನೆಟ್‌ನಿಂದ. ಅದು ಸಣ್ಣ ವಿಷಯ ಅಲ್ಲ.

ಆ ದಾರಿಗೂ ಗೇಟು ಹಾಕುವ ಪ್ರಯತ್ನ ನಡೆದಿದೆ. 2023ರ ನವೆಂಬರ್‌ನಲ್ಲಿ ಪ್ರಸಾರ ಸೇವೆಗಳ ನಿಯಂತ್ರಣ ಮಸೂದೆಯ ಕರಡು ಬಂತು. 2024ರಲ್ಲಿ ಹರಿದಾಡಿದ ಇನ್ನೊಂದು ಕರಡು, ಆನ್‌ಲೈನ್‌ನಲ್ಲಿ ಸುದ್ದಿ ವಿಶ್ಲೇಷಣೆ ಮಾಡುವ ವ್ಯಕ್ತಿಗಳನ್ನೂ ಬಲೆಗೆ ತರುವಂತಿತ್ತು. ವಿರೋಧ ಜೋರಾದ ಮೇಲೆ ಸರ್ಕಾರ ಹಿಂದೆ ಸರಿಯಿತು.

ತರಂಗ ಮತ್ತು ಫೈಲು: ಒಂದು ಸಣ್ಣ ಲೆಕ್ಕ

ಎಂಜಿನಿಯರಿಂಗ್ ಲ್ಯಾಬಿನಲ್ಲಿ ನಾವು ನಾಲ್ಕು ಜನ ಸೇರಿ ಒಂದು ಎಎಂ ರಿಸೀವರ್ ಕಟ್ಟಿದ್ವಿ. ಸ್ಪೀಕರಿನಲ್ಲಿ ಮೊದಲು ಬಂದ ದನಿ 612 ಕಿಲೋಹರ್ಟ್ಸ್‌ನಲ್ಲಿರುವ ಬೆಂಗಳೂರು ಆಕಾಶವಾಣಿಯದ್ದು. ಯಾರೋ ರಾಗಿ ಬೆಳೆಯ ಬಗ್ಗೆ ಮಾತಾಡ್ತಿದ್ರು. 'ಇಷ್ಟು ಕಷ್ಟಪಟ್ಟಿದ್ದು ರಾಗಿ ಕೇಳೋಕಾ?' ಅಂತ ನಕ್ಕಿದ್ವಿ. ಆ ಮಾತು ನಮಗಾಗಿ ಅಲ್ಲ, ರಾಗಿ ಬೆಳೆಯುವವರಿಗಾಗಿ ಅಂತ ಹೊಳೆಯೋಕೆ ನನಗೆ ಕೆಲವು ವರ್ಷ ಹಿಡೀತು.

612 ಕಿಲೋಹರ್ಟ್ಸ್ ತರಂಗದ ಉದ್ದ ಸುಮಾರು 490 ಮೀಟರ್. ಇಷ್ಟು ಉದ್ದದ ತರಂಗ ನೆಲಕ್ಕೆ ಅಂಟಿಕೊಂಡಂತೆ ಗುಡ್ಡ ಬಳಸಿ ದೂರ ಹೋಗುತ್ತದೆ. ಎಫ್‌ಎಂ ತರಂಗದ ಉದ್ದ ಮೂರು ಮೀಟರ್ ಅಷ್ಟೇ. ದನಿ ಚೆನ್ನಾಗಿರುತ್ತದೆ, ಆದರೆ ಗುಡ್ಡದ ಹಿಂದಿನ ಊರಿಗೆ ಸರಿಯಾಗಿ ಸಿಗೋದಿಲ್ಲ. ಎರಡರಲ್ಲೂ ಒಂದು ಸಮಾನ ಗುಣ ಇದೆ. ಒಬ್ಬರು ಕೇಳಿದರೂ ಹತ್ತು ಲಕ್ಷ ಜನ ಕೇಳಿದರೂ ಟ್ರಾನ್ಸ್‌ಮಿಟರ್ ಖರ್ಚು ಅಷ್ಟೇ. ಕೇಳುವವರಿಗೆ ಒಂದು ಸೆಲ್ಲು ಸಾಕು. ಯಾರು ಕೇಳ್ತಿದ್ದಾರೆ ಅಂತ ಯಾರಿಗೂ ಗೊತ್ತಾಗೋದಿಲ್ಲ.

ಪಾಡ್‌ಕಾಸ್ಟ್ ಹಾಗಲ್ಲ. 128 ಕೆಬಿಪಿಎಸ್ ಗುಣಮಟ್ಟದ ಒಂದು ಗಂಟೆಯ ಸಂಚಿಕೆ ಸುಮಾರು 58 ಎಂಬಿ. ಅದು ಪ್ರತಿ ಕೇಳುಗರಿಗೂ ಪ್ರತ್ಯೇಕವಾಗಿ ಹೋಗಬೇಕು, ಅವರ ಡೇಟಾ ಖರ್ಚಾಗಬೇಕು. ಯಾರು, ಎಲ್ಲಿ, ಎಷ್ಟು ನಿಮಿಷ ಕೇಳಿ ಬಿಟ್ಟರು ಅನ್ನೋದು ಆಪ್‌ನವರಿಗೆ ಗೊತ್ತಿರುತ್ತದೆ.

ಪಾಡ್‌ಕಾಸ್ಟ್‌ನ ಮೂಲ ತಂತ್ರ ಮಾತ್ರ ಪ್ರಜಾಸತ್ತಾತ್ಮಕ. ಅದು ಆರ್‌ಎಸ್‌ಎಸ್ ಫೀಡ್ (ಸಂಘ ಅಲ್ಲ, ಸಾಫ್ಟ್‌ವೇರ್!). ಹೊಸ ಸಂಚಿಕೆ ಎಲ್ಲಿದೆ ಅಂತ ಹೇಳುವ ಒಂದು ಸರಳ ಪಟ್ಟಿ ಅದು. ಯಾವ ಆಪ್ ಬೇಕಾದರೂ ಓದಬಹುದು, ಯಾರಪ್ಪನ ಆಸ್ತಿಯೂ ಅಲ್ಲ. 2024ರಲ್ಲಿ ಗೂಗಲ್ ತನ್ನ ಪಾಡ್‌ಕಾಸ್ಟ್ ಆಪ್ ಮುಚ್ಚಿದಾಗ ಕೇಳುಗರು ತಮ್ಮ ಪಟ್ಟಿ ಎತ್ತಿಕೊಂಡು ಬೇರೆ ಆಪ್‌ಗೆ ಹೋಗೋಕೆ ಆಗಿದ್ದು ಇದರಿಂದಲೇ. ಯೂಟ್ಯೂಬ್‌ನಲ್ಲಿ, ಒಂದೇ ಆಪ್‌ನಲ್ಲಿ ಮಾತ್ರ ಸಿಗುವ ಕಾರ್ಯಕ್ರಮಗಳಿಗೆ ಈ ಅನುಕೂಲ ಇಲ್ಲ. ಅಲ್ಲಿ ಸರ್ಕಾರದ ಬದಲು ಕಂಪನಿ ಕೂತಿರುತ್ತದೆ, ಅಷ್ಟೇ ವ್ಯತ್ಯಾಸ.

ಆರಿಸಿಕೊಳ್ಳದವರ ಪಾಡೇನು?

ಪಾಡ್‌ಕಾಸ್ಟ್ ಆರಿಸಿಕೊಳ್ಳುವವರಿಗೆ ಇರುವ ಮಾಧ್ಯಮ. ಸ್ಮಾರ್ಟ್‌ಫೋನ್, ಡೇಟಾ, ಹುಡುಕುವ ತಾಳ್ಮೆ, ಹುಡುಕಲು ಏನಿದೆ ಅಂತ ಮೊದಲೇ ಗೊತ್ತಿರಬೇಕು. ಮಂಗಳೂರು ಆಕಾಶವಾಣಿ ತುಳುವಿನಲ್ಲಿ, ಮಡಿಕೇರಿ ಆಕಾಶವಾಣಿ ಕೊಡವ ಭಾಷೆಯಲ್ಲಿ ಕಾರ್ಯಕ್ರಮ ಮಾಡುತ್ತವೆ. ಇದಕ್ಕೆ ಮಾರುಕಟ್ಟೆ ಇದೆಯಾ ಅಂತ ಯಾರೂ ಮೊದಲು ಕೇಳಲಿಲ್ಲ, ಕೇಳಿದ್ದರೆ ಅವು ಶುರುವೇ ಆಗುತ್ತಿರಲಿಲ್ಲ. ಮಳೆಗಾಲದಲ್ಲಿ ಮಲೆನಾಡಿನಲ್ಲಿ ಕರೆಂಟು ಹೋಗಿ, ಮೊಬೈಲ್ ಟವರಿನ ಬ್ಯಾಟರಿಯೂ ಖಾಲಿಯಾದಾಗ ಪಾಡ್‌ಕಾಸ್ಟ್ ಇರೋದಿಲ್ಲ. ಸೆಲ್ಲು ಹಾಕಿದ ರೇಡಿಯೋ ಇರುತ್ತದೆ. ಮೊಬೈಲ್ ಫೋನ್‌ಗಳಲ್ಲಿ ಎಫ್‌ಎಂ ರಿಸೀವರ್ ಬಂದ್ ಮಾಡಬೇಡಿ ಅಂತ 2023ರಲ್ಲಿ ಐಟಿ ಸಚಿವಾಲಯ ತಯಾರಕರಿಗೆ ಸಲಹೆ ಕೊಟ್ಟದ್ದೂ ಇದೇ ಕಾರಣಕ್ಕೆ.

ಹಾಗಂತ ಪಾಡ್‌ಕಾಸ್ಟ್ ಅಂದ ತಕ್ಷಣ ಸ್ವತಂತ್ರ ಅಂತಲೂ ಅಲ್ಲ. 2024ರ ಅಮೆರಿಕದ ಚುನಾವಣೆಗೆ ಮುಂಚೆ ಟ್ರಂಪ್ ಜೋ ರೋಗನ್ ಎದುರು ಕೂತರು. ನಮ್ಮ ಪ್ರಧಾನಿ 2025ರ ಜನವರಿಯಲ್ಲಿ ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ಜೊತೆ, ಮಾರ್ಚ್‌ನಲ್ಲಿ ಲೆಕ್ಸ್ ಫ್ರಿಡ್‌ಮನ್ ಜೊತೆ ಗಂಟೆಗಟ್ಟಲೆ ಮಾತಾಡಿದರು. ಪತ್ರಿಕಾಗೋಷ್ಠಿಯಲ್ಲಿ ಬರುವ ಮರುಪ್ರಶ್ನೆ ಇಂಥ ಕಡೆ ಬರೋದು ಅಪರೂಪ. 2014ರಿಂದ ಆಕಾಶವಾಣಿಯಲ್ಲಿ ಬರುವ 'ಮನ್ ಕಿ ಬಾತ್'ನಲ್ಲೂ ಪ್ರಶ್ನೆ ಕೇಳುವವರು ಇಲ್ಲ. ಮಾಧ್ಯಮ ಬೇರೆ, ಅನುಕೂಲ ಒಂದೇ.

ಹಣದ ದಾರಿ ಸರಿ ಇದ್ದರೂ ಎಲ್ಲ ಸರಿ ಇರುತ್ತದೆ ಅಂತಿಲ್ಲ. 2025ರ ಜುಲೈನಲ್ಲಿ ಅಮೆರಿಕದ ಸಂಸತ್ತು ಸಾರ್ವಜನಿಕ ಪ್ರಸಾರಕ್ಕೆ ಮಂಜೂರಾಗಿದ್ದ 110 ಕೋಟಿ ಡಾಲರ್ ವಾಪಸ್ ಪಡೆಯಿತು. ದೊಡ್ಡ ನಗರಗಳ ನಿಲಯಗಳಿಗೆ ದಾನಿಗಳಿದ್ದಾರೆ, ಪಾಡ್‌ಕಾಸ್ಟ್ ಇದೆ. ಪೆಟ್ಟು ಹೆಚ್ಚು ಬೀಳುವುದು ಸರ್ಕಾರದ ಹಣವನ್ನೇ ನೆಚ್ಚಿಕೊಂಡ ಹಳ್ಳಿಗಾಡಿನ ಸಣ್ಣ ನಿಲಯಗಳಿಗೆ.

ನಾವು ಕೇಳಬೇಕಾದದ್ದು

ಆಕಾಶವಾಣಿ ಉಳಿಸಿ ಅಂತ ಬರೀ ನೆನಪುಗಳನ್ನು ಹಿಡಿದು ಕೂತರೆ ಉಪಯೋಗ ಇಲ್ಲ. ಬೇಡಿಕೆ ನಿರ್ದಿಷ್ಟವಾಗಿರಬೇಕು. ನನ್ನ ಪಟ್ಟಿಯಲ್ಲಿ ನಾಲ್ಕಿವೆ.

ಒಂದು, ಧಾರವಾಡ, ಬೆಂಗಳೂರು, ಮೈಸೂರು ನಿಲಯಗಳಲ್ಲಿ ದಶಕಗಳಿಂದ ಧ್ವನಿಮುದ್ರಣವಾದ ನಾಟಕ, ಸಂದರ್ಶನ, ಸಂಗೀತ ನಮ್ಮ ದುಡ್ಡಿನಲ್ಲಿ ಆದದ್ದು. ಅದನ್ನು ಯಾವುದೇ ಒಂದು ಆಪ್‌ನೊಳಗೆ ಬೀಗ ಹಾಕಿಡದೆ, ಕಲಾವಿದರ ಹಕ್ಕು ಇತ್ಯರ್ಥ ಮಾಡಿ, ಮುಕ್ತ ಫೀಡ್‌ನಲ್ಲಿ ಕೊಡಿ. ಎರಡು, ಸಮುದಾಯ ರೇಡಿಯೋ ಮತ್ತು ಖಾಸಗಿ ಎಫ್‌ಎಂ ಮೇಲಿನ ಸುದ್ದಿ ನಿಷೇಧ ತೆಗೆಯಿರಿ. ಮೂರು, ಪ್ರಸಾರ ಭಾರತಿಗೆ ವರ್ಷ ವರ್ಷ ಕೈಚಾಚಬೇಕಾಗದ ಹಣದ ಮೂಲ ಮತ್ತು ಸರ್ಕಾರದ ನೆರಳಿಲ್ಲದ ಆಡಳಿತ ಮಂಡಳಿ ಕೊಡಿ. ನಾಲ್ಕು, ಪಾಡ್‌ಕಾಸ್ಟ್‌ಗೆ ಲೈಸೆನ್ಸ್ ತರುವ ಯಾವ ಮಸೂದೆ ಬಂದರೂ ವಿರೋಧಿಸಿ. ಈ ನಾಲ್ಕನೆಯದು ನಮ್ಮ ಕೈಯಲ್ಲೇ ಇದೆ.

ಪಾಡ್‌ಕಾಸ್ಟ್ ಕೇಳುವ ನಮಗೆ ಆಯ್ಕೆ ಇದೆ. ಹಾಗಾಗಿ ಆಕಾಶವಾಣಿ ಹಾಳಾದರೆ ನಮಗೆ ತಕ್ಷಣ ಗೊತ್ತೂ ಆಗೋದಿಲ್ಲ. ಗೊತ್ತಾಗೋದು ರಾಗಿ ಬೆಳೆಯುವವರಿಗೆ. ಅವರು ಟ್ವೀಟ್ ಮಾಡೋದಿಲ್ಲ, ಹಾಗಾಗಿ ಅವರ ಪರವಾಗಿಯೂ ನಾವೇ ಕೇಳಬೇಕು.