ಸದಾರಮೆ (ನಾಟಕ)

ಸದಾರಮೆ ಕನ್ನಡ ವೃತ್ತಿರಂಗಭೂಮಿಯ ಹೆಸರಾಂತ ವಿಡಂಬನಾತ್ಮಕ ಹಾಸ್ಯನಾಟಕ. ಕರ್ತೃ ತುಮಕೂರು ತಾಲ್ಲೂಕಿನ ಬೆಳ್ಳಾವೆ ನರಹರಿಶಾಸ್ತ್ರಿ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ (1934) ಸಂಭಾಷಣೆ, ಹಾಡು ಬರೆದವರೂ ಇವರೇ. ನಾಟಕವನ್ನು ಮನೆಮಾತಾಗಿಸಿದ್ದು 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ.

ಕಥೆ ಮತ್ತು ವಿಡಂಬನೆ

ರಾಜಕುಮಾರನೊಬ್ಬ ವರ್ತಕನ ಮಗಳು ಸದಾರಮೆಗೆ ಮನಸೋಲುತ್ತಾನೆ. ಮಗಳನ್ನು ಕೊಡಬೇಕಾದರೆ ರಾಜ್ಯವನ್ನೇ ಬಿಟ್ಟುಕೊಡಬೇಕೆಂದು ತಂದೆ ಪಟ್ಟು ಹಿಡಿಯುತ್ತಾನೆ. ರಾಜ್ಯ ಕೈಬಿಟ್ಟು ದಂಪತಿ ಊರೂರು ಅಲೆಯುತ್ತಾರೆ. ದುಡ್ಡಿನ ಲೆಕ್ಕ ಬಿಟ್ಟು ಬೇರೇನೂ ತಿಳಿಯದವರ ಕೈಗೆ ಅಧಿಕಾರ ಸಿಕ್ಕರೆ ಏನಾದೀತು ಎಂಬುದೇ ಇಲ್ಲಿನ ವಿಡಂಬನೆಯ ತಿರುಳು. ಜಿಪುಣ ಆದಿಮೂರ್ತಿ ಇದರ ಮುಖ್ಯ ಹಾಸ್ಯಪಾತ್ರ.

ಕಳ್ಳನ ಪಾತ್ರ

ಸದಾರಮೆಯನ್ನು ಹೊತ್ತೊಯ್ದ ಕಳ್ಳ ಅವಳನ್ನು ಮದುವೆಯಾಗುವ ಆಸೆಗೆ ಬೀಳುತ್ತಾನೆ. ಅವಳು ಒಪ್ಪಿದಂತೆ ನಟಿಸಿ, ಮಾತಿನಲ್ಲೇ ಮರುಳುಮಾಡಿ ತಪ್ಪಿಸಿಕೊಳ್ಳುತ್ತಾಳೆ. ಕದಿಯಲು ಬಂದವನೇ ಮೋಸಹೋಗುವ ಈ ದೃಶ್ಯ, ಕಳ್ಳನ ಪಾತ್ರ ವಹಿಸುತ್ತಿದ್ದ ಅದೇ ಕಂಪನಿಯ ನಟ ಗುಬ್ಬಿ ವೀರಣ್ಣನವರಿಗೆ (ನಿಧನ 1972) ಅಪಾರ ಕೀರ್ತಿ ತಂದಿತು. ಕಂಪನಿ ನಾಟಕದ ಹಾಸ್ಯನಟ ಬರೆದ ಮಾತಿಗೆ ಕಟ್ಟುಬೀಳುತ್ತಿರಲಿಲ್ಲ. ಕ್ಯಾಂಪು ಹಾಕಿದ ಊರಿನ ಸುದ್ದಿಯನ್ನು ಸಂಭಾಷಣೆಯಲ್ಲಿ ಬೆರೆಸುವುದು, ಜನ ‘ಒನ್ಸ್ ಮೋರ್’ ಎಂದರೆ ಮತ್ತೆ ಹಾಡುವುದು ಅಲ್ಲಿನ ರೂಢಿ.

ಮರುರೂಪಗಳು

1935ರಲ್ಲಿ ರಾಜಾ ಚಂದ್ರಶೇಖರ್ ನಿರ್ದೇಶನದಲ್ಲಿ ಸದಾರಮೆ ಚಲನಚಿತ್ರವಾಯಿತು, ನಾಯಕಿ ಕೆ. ಅಶ್ವತ್ಥಮ್ಮ. 1956ರಲ್ಲಿ ಮತ್ತೆ ತೆರೆಗೆ ಬಂತು. ಮುಂದೆ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ‘ಸ್ಪಂದನ’ ತಂಡದ ಮೂಲಕ ನಾಟಕಕ್ಕೆ ಮರುಜೀವ ಕೊಟ್ಟು, ತಾತನ ಕಳ್ಳನ ಪಾತ್ರವನ್ನು ತಾವೇ ವಹಿಸಿದರು.

ಹಾಸ್ಯದ ಹೋಲಿಕೆ

ಸಿನಿಮಾದಲ್ಲಿ ಕಥೆ ಉಳಿಯಿತು, ಆದರೆ ಆಶುಮಾತಿಗೆ ಎಡೆಯಿರಲಿಲ್ಲ: ಒಮ್ಮೆ ಚಿತ್ರೀಕರಿಸಿದ ನಗೆಮಾತು ಊರು ಬದಲಾದರೂ ಬದಲಾಗದು. ಜಯಶ್ರೀಯವರ ಪ್ರಯೋಗ ಮೂಲಕ್ಕೆ ಹತ್ತಿರವಾದರೂ ಅದರ ನಕಲಲ್ಲ. ಗಂಡು ಕಳ್ಳನ ಹಮ್ಮನ್ನು ಹೆಣ್ಣೊಬ್ಬಳೇ ಅಭಿನಯಿಸಿದಾಗ ವಿಡಂಬನೆಯ ಮೊನೆ ವರ್ತಕನ ದುರಾಸೆಯಷ್ಟೇ ಗಂಡಸಿನ ಗತ್ತಿನ ಮೇಲೂ ನೆಡುತ್ತದೆ. ಕಂಪನಿ ನಾಟಕದ ಹಾಸ್ಯವನ್ನು ಹಳೆಯ ಕಾಲದ ಸರಕೆಂದು ತಳ್ಳಿಹಾಕುವುದು ತಪ್ಪೆಂಬುದಕ್ಕೆ ಇದೇ ಗಟ್ಟಿ ಸಾಕ್ಷಿ.